ನನ್ನ ಕಂಪ್ಯೂಟರಿನ ದೇವರ ಕೋಣೆ

ಪ್ರತಿಯೊಬ್ಬ ಮನುಷ್ಯನಿಗೂ ತಾನು ಬೇರೆಲ್ಲರಿಗಿಂತ ಚೆನ್ನಾಗಿ ಮಾಡಬಲ್ಲೆ ಎಂದು ನಂಬುವ ಒಂದು ಕೆಲಸವಿರುತ್ತದೆ. ಕೆಲವರಿಗೆ ಅದು ಗಾಡಿ ಓಡಿಸುವುದು, ಕೆಲವರಿಗೆ ಹಲಸಿನಕಾಯಿ ಹೆಚ್ಚುವುದು, ನಮ್ಮ ಹಾರ್ಬರ್ ಲೈನಿನ ಲೋಕಲ್ ಗಾಡಿಯ ಕೆಲವರಿಗಂತೂ ಮೂವರು ಕೂತ ಸೀಟಿನಲ್ಲಿ ನಾಲ್ಕನೆಯವರಾಗಿ ತೂರಿ ಕೂತುಬಿಡುವುದು. ನನಗೆ ಅದು ಅಚ್ಚುಕಟ್ಟು. ಯಾವ ವಸ್ತು ಎಲ್ಲಿರಬೇಕೋ ಅಲ್ಲಿಡುವುದರಲ್ಲಿ, ಇಟ್ಟ ಜಾಗಕ್ಕೊಂದು ಹೆಸರು ಕೊಡುವುದರಲ್ಲಿ ನನ್ನನ್ನು ಮೀರಿಸುವವರು ಪನವೇಲಿನಿಂದ ಠಾಣೆಯವರೆಗೆ ಇಲ್ಲವೆಂದು ನನ್ನ ನಂಬಿಕೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ವಿನಯವೆಂಬುದು ಓದಿದ ಮನೆತನದವರಿಗೆ ಸುಲಭ. ಅಜ್ಜ ಬಿ.ಎ., ಅಪ್ಪ ಎಂ.ಎ. ಆಗಿದ್ದವರು ‘ನಂದೇನಿದೆ ಬಿಡಿ’ ಅಂದರೆ ಚೆನ್ನಾಗಿ ಕೇಳಿಸುತ್ತದೆ. ನಮ್ಮ ಮನೆಯಲ್ಲಿ ಪದವಿ ಶುರುವಾದದ್ದೇ ನನ್ನಿಂದ. ಅದನ್ನು ನಾನೇ ಹೇಳಿಕೊಳ್ಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಅಪ್ಪ ಠಾಣೆ ಸ್ಟೇಷನ್ ಹೊರಗಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ನಾನು ಹನ್ನೆರಡನೇ ತರಗತಿ ಮುಗಿಸಿ ಖಾರಘರದ ಒಂದು ಎಂಜಿನಿಯರಿಂಗ್ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡೆ. ಆಮೇಲೆ ಅಂಚೆಯಲ್ಲಿ ಬರುವ ಪಾಠಗಳನ್ನು ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಓದಿ ಬಿ.ಎ. ಮಾಡಿದೆ. ಮೂರು ವರ್ಷದ ಪದವಿಗೆ ಏಳು ವರ್ಷ ಹಿಡಿಯಿತು. ಅರ್ಥಶಾಸ್ತ್ರ ಎರಡು ಸಲ ನನ್ನನ್ನು ಹಿಂದಕ್ಕೆ ಕಳಿಸಿತು, ನಾನು ಮೂರನೆಯ ಸಲ ಹೋದೆ. ಪ್ರಮಾಣಪತ್ರ ಕೈಗೆ ಬಂದ ದಿನವೇ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಇಪ್ಪತ್ತು ಝೆರಾಕ್ಸ್ ತೆಗೆಸಿ, ಒಬ್ಬ ಅಧಿಕಾರಿಯ ಬಳಿ ಹೋಗಿ ಇಪ್ಪತ್ತಕ್ಕೂ ಮೊಹರು ಹಾಕಿಸಿದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವರ ಕೈ ಸೋತಿತು. “ಇಷ್ಟೊಂದು ಕಡೆ ಅರ್ಜಿ ಹಾಕ್ತಾ ಇದ್ದೀರಾ?” ಎಂದು ಕೇಳಿದರು. “ಎಲ್ಲಿಗೂ ಇಲ್ಲ ಸರ್” ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಉಳಿದ ಹತ್ತಕ್ಕೂ ಒತ್ತಿಕೊಟ್ಟರು. ಅಂದಿನಿಂದ ರೈಲ್ವೆ ಪಾಸಿನ ಜೊತೆ ಬಿ.ಎ. ಪಾಸೂ ನನ್ನ ಚೀಲದಲ್ಲಿ ಓಡಾಡುತ್ತಿದೆ.

ವಿಷಯಕ್ಕೆ ಬರುತ್ತೇನೆ. ಎರಡು ಸಾವಿರದ ಒಂಬತ್ತೋ ಹತ್ತೋ ಇರಬೇಕು, ಕಾಲೇಜಿನವರು ಕಚೇರಿಯ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿಸಿದರು. ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಪಲ್ಲವಿ ಮೇಡಂ ಬಂದು, ಪರದೆಯ ಕೆಳತುದಿಯಲ್ಲಿದ್ದ ನಾಲ್ಕು ಸಣ್ಣ ಚೌಕಗಳನ್ನು ತೋರಿಸಿದರು. ಒಂದೊಂದು ಚೌಕವೂ ಒಂದೊಂದು ಬೇರೆ ಡೆಸ್ಕ್‌ಟಾಪ್. ಒಂದನ್ನು ಒತ್ತಿದರೆ ಅದರಲ್ಲಿ ತೆರೆದಿಟ್ಟದ್ದು ಮಾತ್ರ ಕಾಣುತ್ತದೆ, ಇನ್ನೊಂದನ್ನು ಒತ್ತಿದರೆ ಇನ್ನೊಂದರದ್ದು. ಪರದೆ ಒಂದೇ, ಮೇಜು ನಾಲ್ಕು. ಕಚೇರಿಯಲ್ಲಿ ಇದು ಯಾರಿಗೂ ಬೇಕಿರಲಿಲ್ಲ. ನನ್ನ ಪಕ್ಕದ ಮೇಜಿನ ಸಾವಂತ್, ಹದಿನೈದು ವರ್ಷದ ಗೆಳೆಯ, ಮೊದಲ ದಿನವೇ ಮೌಸಿನ ಗಾಲಿಯನ್ನು ಆ ಚೌಕಗಳ ಮೇಲೆ ಉರುಳಿಸಿಬಿಟ್ಟ. ಅರ್ಧ ದಿನ ಕೂತು ಟೈಪ್ ಮಾಡಿದ ಪತ್ರ ಕಣ್ಣೆದುರೇ ಇಲ್ಲವಾಯಿತು. “ಅಣ್ಣಾ, ಗೇಲಂ ರೇ! ಸಗಳಂ ಗೇಲಂ!” ಎಂದು ತಲೆಯ ಮೇಲೆ ಕೈಹೊತ್ತು ಕೂತ. ಎಲ್ಲಾ ಹೋಯಿತಂತೆ. ನಾನು ಎದ್ದುಹೋಗಿ ಎರಡನೆಯ ಚೌಕ ಒತ್ತಿದೆ. ಪತ್ರ ಅಲ್ಲಿಯೇ ಮಲಗಿತ್ತು. “ಹೋಗಿಲ್ಲ ಮಾರಾಯ, ನೀನೇ ಪಕ್ಕದ ಕೋಣೆಗೆ ಬಂದಿದ್ದೆ” ಎಂದೆ. ಪಲ್ಲವಿ ಮೇಡಂಗೆ ಆಶ್ಚರ್ಯ. ಎಂಜಿನಿಯರುಗಳಿಗೂ ಇದು ತಲೆಗೆ ಹತ್ತಲು ಒಂದು ವಾರ ಬೇಕಾಯಿತು, ನಿಮಗೆ ಒಂದೇ ನಿಮಿಷದಲ್ಲಿ ಹೇಗೆ ತಿಳಿಯಿತು ಎಂದು ಕೇಳಿದರು. ನಾನು ಗಂಭೀರವಾಗಿ, “ನಾನು ಬಿ.ಎ. ಮಾಡಿದ್ದೇನೆ” ಎಂದೆ. ನಿಜವಾದ ಕಾರಣ ಬೇರೆ. ನಾನು ಹುಟ್ಟಿ ಬೆಳೆದದ್ದೇ ಅಂಥ ಪರದೆಯೊಳಗೆ.

ಠಾಣೆ ಪೂರ್ವದ ಕೋಪರಿಯ ವಠಾರದಂಥ ಚಾಳಿನಲ್ಲಿ ನಮ್ಮದು ಹತ್ತು ಅಡಿ ಹನ್ನೆರಡು ಅಡಿಯ ಒಂದೇ ಕೋಣೆ. ಅಮ್ಮ ಮದುವೆಯಾಗಿ ಉಡುಪಿ ಕಡೆಯಿಂದ ಬಂದು ಹೊಸ್ತಿಲು ದಾಟಿದವಳೇ ಅಪ್ಪನನ್ನು ಕೇಳಿದ ಮೊದಲ ಪ್ರಶ್ನೆ, “ಚಾವಡಿ ಎಲ್ಲಿ?” ಅಪ್ಪ ಕೈಯನ್ನು ಗಾಳಿಯಲ್ಲೊಂದು ಸುತ್ತು ಸುತ್ತಿಸಿ, “ಇದೇ” ಅಂದರಂತೆ. “ಅಡುಗೆ ಕೋಣೆ?” “ಇದೇ.” “ದೇವರ ಕೋಣೆ?” ಅಪ್ಪ ಈ ಸಲ ಕೈ ಎತ್ತಲಿಲ್ಲ. ಅಮ್ಮ ಅಳಲಿಲ್ಲ, ಜಗಳವಾಡಲಿಲ್ಲ, ನೆಲ ನೋಡಿದಳು. ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ಅದರ ಗೆರೆಗಳನ್ನೇ ಗೋಡೆಗಳೆಂದುಕೊಂಡು ಮನೆ ಕಟ್ಟಿದಳು. ಮೂಲೆಯ ಒಂದೂವರೆ ಕಲ್ಲು ದೇವರ ಕೋಣೆ, ಅದರ ಪಕ್ಕದ ನಾಲ್ಕು ಕಲ್ಲು ಅಡುಗೆ ಕೋಣೆ, ಬಾಗಿಲ ಬಳಿಯ ಆರು ಕಲ್ಲು ಚಾವಡಿ. ಸೂರಿನ ಕೆಳಗೆ ಹಲಗೆ ಹೊಡೆದ ಜಾಗ ಅಟ್ಟ. ಹಿಂದಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಬಟ್ಟೆ ಒಣಗಿಸುವಷ್ಟು ಜಾಗ ಹಿತ್ತಿಲು. ಹೀಗೆ ಹತ್ತು ಬೈ ಹನ್ನೆರಡರಲ್ಲಿ ನಾವು ಐದು ಕೋಣೆಯ ಮನೆಯವರಾದೆವು.

ಊರಿನಿಂದ ನೆಂಟರು ಬಂದರೆ ಅಮ್ಮ “ಬನ್ನಿ, ಚಾವಡಿಯಲ್ಲಿ ಕೂತ್ಕೊಳ್ಳಿ” ಅನ್ನುತ್ತಿದ್ದಳು. ಅವರು ಚಾವಡಿ ಎಲ್ಲಿದೆಯೆಂದು ಗೋಡೆಗಳನ್ನು ನೋಡುತ್ತಿದ್ದರು, ನಾವು ಅವರ ಕಾಲು ಯಾವ ಕಲ್ಲಿನ ಮೇಲಿದೆಯೆಂದು ನೋಡುತ್ತಿದ್ದೆವು. ಅಪ್ಪ ಚಾವಡಿಯಲ್ಲಿ ಕೂತು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿದ್ದ ಅಮ್ಮನಿಗೆ, ದೊಡ್ಡ ಮನೆಯ ಯಜಮಾನರ ಹಾಗೆ “ಊಟ ಆಯ್ತೇನೇ?” ಎಂದು ಕೂಗುತ್ತಿದ್ದರು. ನನ್ನ ಓದೆಲ್ಲ ಅಟ್ಟದಲ್ಲಿ. ಅಲ್ಲಿ ಕೂರಲು ಎತ್ತರ ಸಾಲದು, ಹೊಟ್ಟೆಯ ಮೇಲೆ ಮಲಗಿಯೇ ಓದಬೇಕು. “ವಾಸು ಎಲ್ಲಿ?” ಎಂದು ಯಾರಾದರೂ ಕೇಳಿದರೆ ಅಮ್ಮ, “ಮೇಲೆ ಓದ್ತಾ ಇದ್ದಾನೆ” ಅನ್ನುತ್ತಿದ್ದಳು. ಊರಿನಲ್ಲಿ ಬಹಳ ಜನ ನಮ್ಮದು ಮಹಡಿ ಮನೆ ಅಂದುಕೊಂಡಿದ್ದರು. ಈ ಮನೆಗೆ ಕಾನೂನೂ ಇತ್ತು. ದೇವರ ಕಲ್ಲಿಗೂ ಅಡುಗೆಯ ಕಲ್ಲಿಗೂ ನಡುವೆ ಇದ್ದದ್ದು ಒಂದು ಗೆರೆ, ಆದರೆ ಆ ಗೆರೆಯನ್ನು ದಾಟುವ ಹಾಗಿಲ್ಲ. ಒಮ್ಮೆ ಚಟ್ನಿಯ ಕೈಯಲ್ಲೇ ತೆಂಗಿನಕಾಯಿಯ ಹೋಳನ್ನು ದೇವರ ಕಡೆಗೆ ದಾಟಿಸಿದ್ದಕ್ಕೆ ಅಮ್ಮ, “ಅಡುಗೆ ಕೋಣೆಯಿಂದ ಸೀದಾ ದೇವರ ಕೋಣೆಗೆ ಬರ್ಲಿಕ್ಕುಂಟಾ? ಕೈಕಾಲು ತೊಳ್ಕೊಂಡು ಚಾವಡಿಯಾಗಿ ಸುತ್ತಿ ಬಾ!” ಎಂದು ಗದರಿದ್ದಳು. ನಾನು ಬಾಗಿಲವರೆಗೆ ನಡೆದು, ಕಾಲಿಗೆ ನೀರು ಹಾಕಿಕೊಂಡು, ಆರು ಕಲ್ಲು ಸುತ್ತಿ ಮತ್ತೆ ಅದೇ ಜಾಗಕ್ಕೆ ಬಂದೆ. ಆ ಪ್ರದಕ್ಷಿಣೆ ನನ್ನ ಮೈಯಲ್ಲಿ ಇಂದಿಗೂ ಇದೆ.

ಹಾಗಾಗಿ ಪಲ್ಲವಿ ಮೇಡಂ “ಈ ಚೌಕಗಳಿಗೆ ಬೇಕಾದರೆ ಹೆಸರನ್ನೂ ಕೊಡಬಹುದು” ಎಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಉಳಿದವರು ಒಂದು, ಎರಡು, ಮೂರು ಎಂದೇ ಬಿಟ್ಟುಕೊಂಡಿದ್ದರು. ನಾನು ಕನ್ನಡದ ಕೀಲಿಮಣೆ ಹಾಕಿಸಿಕೊಂಡು, ನಾಲ್ಕು ಸಾಲದೆಂದು ಐದು ಮಾಡಿಸಿಕೊಂಡು, ಸಾಲಾಗಿ ಬರೆದೆ: ದೇವರ ಕೋಣೆ, ಚಾವಡಿ, ಅಡುಗೆ ಕೋಣೆ, ಅಟ್ಟ, ಹಿತ್ತಿಲು. ಮುಗಿದು ಅಂತಿಮವಾದ ಕಡತಗಳು ದೇವರ ಕೋಣೆಯಲ್ಲಿ, ಜೊತೆಗೊಂದು ಗಣಪತಿಯ ಚಿತ್ರ. ಹೊರಗಿನವರ ಪತ್ರವ್ಯವಹಾರ ಚಾವಡಿಯಲ್ಲಿ. ಬೇಯುತ್ತಿರುವ ಕೆಲಸಗಳು ಅಡುಗೆ ಕೋಣೆಯಲ್ಲಿ. ಹಳೆಯದು, ಯಾರಿಗೂ ಬೇಡದ್ದು, ಆದರೆ ಬಿಸಾಡಲು ಧೈರ್ಯವಿಲ್ಲದ್ದು ಅಟ್ಟದಲ್ಲಿ. ಹಿತ್ತಿಲಿನಲ್ಲಿ ಏನಿತ್ತೆಂದು ಕೇಳಬೇಡಿ. ಕ್ರಿಕೆಟ್ ಸ್ಕೋರು ನೋಡಬೇಕಾದಾಗ ಮನುಷ್ಯ ಹಿತ್ತಿಲಿಗೇ ಹೋಗಬೇಕಾಗುತ್ತದೆ.

ಸಾವಂತ್ ಆ ಕನ್ನಡ ಅಕ್ಷರಗಳನ್ನು ನೋಡಿ, “ಅಣ್ಣಾ, ಪರದೆಯ ತುಂಬ ಚಕ್ಕುಲಿ ಒತ್ತಿಟ್ಟಿದ್ದೀಯಲ್ಲ” ಎಂದ. ಆದರೆ ನಮ್ಮ ಪ್ರಿನ್ಸಿಪಾಲ್ ಪಾಟೀಲ ಮೇಡಂ ಧಾರವಾಡದವರು, ಅವರಿಗೆ ಚಕ್ಕುಲಿ ಓದಲು ಬರುತ್ತಿತ್ತು. ಒಂದು ದಿನ ನನ್ನ ಹಿಂದೆ ನಿಂತು, ಕನ್ನಡಕ ಏರಿಸಿ, ಒಂದೊಂದೇ ಓದಿದರು. “ಏನ್ರೀ ವಾಸುದೇವ, ಕಂಪ್ಯೂಟರಿನ್ಯಾಗ ದೇವರ ಮನಿ ಕಟ್ಟೀರಿ? ಮತ್ತ ಬಚ್ಚಲಾ ಎಲ್ಲಿ ಬಿಟ್ರಿ?” “ಚಾಳಿನಲ್ಲಿ ಅದು ಹೊರಗೆ ಇತ್ತು ಮೇಡಂ, ಎಲ್ಲರಿಗೂ ಸೇರಿ ಒಂದೇ” ಎಂದೆ. ಅವರು ಬಾಗಿಲು ದಾಟುವವರೆಗೂ ನಗುತ್ತಿದ್ದರು. ಆದರೆ ಅಂದಿನಿಂದ ಏನಾದರೂ ಬೇಕಾದರೆ, “ಆ ಪತ್ರ ಇನ್ನೂ ಅಡಗಿ ಮನ್ಯಾಗ ಐತೇನು, ದೇವರ ಮನಿಗೆ ಬಂತೇನು?” ಎಂದೇ ಕೇಳತೊಡಗಿದರು. ಒಬ್ಬ ಎಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರು ನನ್ನ ಅಮ್ಮನ ಶಹಾಬಾದ್ ಕಲ್ಲುಗಳ ಲೆಕ್ಕದಲ್ಲಿ ಮಾತಾಡುತ್ತಿದ್ದರು. ನನಗೆ ಎದೆ ಉಬ್ಬದೆ ಇದ್ದೀತೇ?

ಉಬ್ಬಿದ ಎದೆಯೇ ಮುಂದಿನ ಅನಾಹುತಕ್ಕೆ ಕಾರಣ. ಪಲ್ಲವಿ ಮೇಡಂ ಒಂದು ಸೌಕರ್ಯ ತೋರಿಸಿದ್ದರು: ಒಂದು ಚೌಕದಲ್ಲಿ ತೆರೆದಿರುವುದನ್ನು ಹಿಡಿದು ಇನ್ನೊಂದು ಚೌಕಕ್ಕೆ ಎಳೆದುಬಿಟ್ಟರೆ ಅದು ಅಲ್ಲಿಗೆ ಹೋಗುತ್ತದೆ. ಅವರು ನನ್ನೆದುರೇ ಅಡುಗೆ ಕೋಣೆಯ ಅರ್ಧ ಬೆಂದ ಪತ್ರವೊಂದನ್ನು ಹಿಡಿದು ದೇವರ ಕೋಣೆಗೆ ಎಳೆದರು. ನನಗೆ ಚಟ್ನಿಯ ಕೈ ನೆನಪಾಯಿತು. “ಹಾಗೆ ಮಾಡಬೇಡಿ ಮೇಡಂ” ಎಂದು ಬೇಡಿಕೊಂಡೆ. ನನ್ನ ಪದ್ಧತಿಯೇ ಬೇರೆ. ಅಡುಗೆ ಕೋಣೆಯದ್ದು ಅಡುಗೆ ಕೋಣೆಯಲ್ಲೇ ಇರಬೇಕು. ಕೆಲಸ ಮುಗಿದ ಮೇಲೆ ಅದರದೊಂದು ಹೊಸ ಪ್ರತಿ ಮಾಡಿ, ಆ ಶುಭ್ರ ಪ್ರತಿಯನ್ನು ದೇವರ ಕೋಣೆಯಲ್ಲಿ ತೆರೆದಿಡಬೇಕು. ಇಟ್ಟ ಮೇಲೆ ಅದನ್ನು ಮುಟ್ಟುವಂತಿಲ್ಲ. “ಒಂದೇ ಕಡತಕ್ಕೆ ಎರಡೆರಡು ಪ್ರತಿ ಯಾಕೆ? ಒಂದು ದಿನ ಗೊಂದಲ ಆಗುತ್ತೆ” ಎಂದು ಅವರು ಹೇಳಿದರು. ನಾನು ಮುಗುಳ್ನಕ್ಕೆ. ಓದಿದವರಿಗೆ ಮಡಿ ಗೊತ್ತಿರುವುದಿಲ್ಲ ಅನಿಸಿತು. ನಾನೂ ಓದಿದವನೇ ಎಂಬುದು ಆ ಕ್ಷಣಕ್ಕೆ ಮರೆತಿತ್ತು.

ಆ ವರ್ಷ ನಮ್ಮ ಕಾಲೇಜಿನ ಮಾನ್ಯತೆಯ ಪರಿಶೀಲನೆಗೆ ಸಮಿತಿ ಬರುವುದಿತ್ತು. ಅದೇ ಹೊತ್ತಿಗೆ ಕಚೇರಿಯ ಸೂಪರಿಂಟೆಂಡೆಂಟ್ ನಿವೃತ್ತರಾಗುವುದಿತ್ತು. ಪಾಟೀಲ ಮೇಡಂ ನನ್ನನ್ನು ಕರೆದು ಹೇಳಿದರು: “ನೋಡ್ರಿ ವಾಸುದೇವ, ಆ ಖುರ್ಚಿಗೆ ಪದವೀಧರರ ಬೇಕು. ಸಮಿತಿ ಮುಂದ ಸಿಬ್ಬಂದಿ ಪಟ್ಟಿ ಹೆಂಗ ಪಾಸ್ ಆಗತದೋ ಅದರ ಮ್ಯಾಲೆ ಆರ್ಡರ್. ಪಟ್ಟಿ ನಿಮ್ಮ ಕೈಯಾಗ ಅದ. ತಪ್ಪಾದ್ರ ನನ್ನ ಕೈಯಾಗ ಏನೂ ಇಲ್ಲ.” ಹಳೆಯ ಪಟ್ಟಿ ತೆಗೆದು ನೋಡಿದೆ. ನನ್ನ ಹೆಸರಿನ ಎದುರು ವಿದ್ಯಾರ್ಹತೆ: ಹನ್ನೆರಡನೇ ತರಗತಿ. ನಾನು ಸೇರಿದ ದಿನ ಯಾರೋ ಬರೆದದ್ದು. ಪದವಿ ಬಂದ ಮೇಲೆ ಎಷ್ಟು ಅರ್ಜಿ ಕೊಟ್ಟರೂ ಪ್ರತಿವರ್ಷ ಅದೇ ಸಾಲು ಪಟ್ಟಿಯಿಂದ ಪಟ್ಟಿಗೆ ನಕಲಾಗುತ್ತ ಬಂದಿತ್ತು. ಏಳು ವರ್ಷ ಹೊಟ್ಟೆಯ ಮೇಲೆ ಮಲಗಿ, ಒಂದು ಕಾಲಲ್ಲಿ ನಿಂತು ಸಂಪಾದಿಸಿದ ಎರಡು ಅಕ್ಷರ, ಕಾಲೇಜಿನ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇರಲಿಲ್ಲ. ಈಗ ಅದನ್ನು ನಾನೇ ತಿದ್ದಬಹುದಿತ್ತು.

ಅಂದು ಆಯುಧಪೂಜೆ. ಕಚೇರಿಯಲ್ಲಿ ಕೀಲಿಮಣೆಗೆ ಕುಂಕುಮ, ಪ್ರಿಂಟರಿಗೆ ಚೆಂಡುಹೂವಿನ ಮಾಲೆ. ದಿನ ಒಳ್ಳೆಯದೆಂದು, ಕೆಲಸ ಶುರುಮಾಡುವ ಮೊದಲು ಆ ಹಳೆಯ ಪಟ್ಟಿಯದೊಂದು ಪ್ರತಿಯನ್ನು ಆಶೀರ್ವಾದಕ್ಕಾಗಿ ದೇವರ ಕೋಣೆಯಲ್ಲಿ, ಗಣಪತಿಯ ಪಕ್ಕದಲ್ಲಿ ತೆರೆದಿಟ್ಟೆ. ಆಮೇಲೆ ಅಡುಗೆ ಕೋಣೆಗೆ ಹೋಗಿ ನಿಜವಾದ ಪಟ್ಟಿಯನ್ನು ಬೇಯಿಸಲು ಕೂತೆ. ಮೊದಲು ತಿದ್ದಿದ್ದು ನನ್ನ ಸಾಲನ್ನು. ‘ಬಿ.ಎ.’ ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ಪಕ್ಕದಲ್ಲಿ ‘ದ್ವಿತೀಯ ದರ್ಜೆ’ ಎಂದೂ ಸೇರಿಸಿದೆ. ನಂತರ ಉಳಿದವರದ್ದು. ಇಬ್ಬರು ಅಧ್ಯಾಪಕರಿಗೆ ಡಾಕ್ಟರೇಟ್ ಬಂದಿತ್ತು, ಒಬ್ಬರ ಹೆಸರು ಮದುವೆಯ ನಂತರ ಬದಲಾಗಿತ್ತು, ಎಲ್ಲವನ್ನೂ ಸರಿಮಾಡಿದೆ. ಎರಡು ವಾರದ ಕೆಲಸ. ಸಮಿತಿ ಬರುವ ಹಿಂದಿನ ದಿನ ಮಧ್ಯಾಹ್ನದ ಚಹಾದ ಹೊತ್ತಿಗೆ ಪಟ್ಟಿ ಪೂರ್ತಿಯಾಯಿತು. ಉಳಿದದ್ದು ಒಂದೇ ಕೆಲಸ: ಅದರ ಶುಭ್ರ ಪ್ರತಿ ಮಾಡಿ ದೇವರ ಕೋಣೆಗೆ ಒಯ್ಯುವುದು. ಹಳೆಯದನ್ನು ತೆಗೆದು ಹೊಸದನ್ನು ಸ್ಥಾಪಿಸುವುದು. ಐದು ನಿಮಿಷದ ಮಾತು.

ಆ ಐದು ನಿಮಿಷದಲ್ಲಿ ನಾನು ಏನು ಮಾಡಿದೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸೂಪರಿಂಟೆಂಡೆಂಟ್ ಕೂರುವುದು ಪ್ಲೈವುಡ್ಡಿನ ಒಂದು ಕ್ಯಾಬಿನ್ನಿನಲ್ಲಿ. ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಹೆಸರಿನ ಫಲಕ. ನನ್ನ ವಂಶದಲ್ಲಿ ಯಾರ ಹೆಸರೂ ಯಾವ ಬಾಗಿಲ ಮೇಲೂ ಬಂದಿರಲಿಲ್ಲ. ಪಟ್ಟಿಯ ಪಕ್ಕದಲ್ಲೇ ಒಂದು ಖಾಲಿ ಹಾಳೆ ತೆರೆದು, ಇರುವುದರಲ್ಲೇ ದಪ್ಪ ಅಕ್ಷರದಲ್ಲಿ ‘ವಾಸುದೇವ, ಬಿ.ಎ., ಆಫೀಸ್ ಸೂಪರಿಂಟೆಂಡೆಂಟ್’ ಎಂದು ಇಂಗ್ಲಿಷಿನಲ್ಲಿ ಹೊಡೆದೆ. ಅಕ್ಷರ ತೀರ ಸಪ್ಪೆಯೆನಿಸಿತು, ಬೇರೆ ಅಕ್ಷರದಲ್ಲಿ ಹೊಡೆದೆ. ಅದು ಲಗ್ನಪತ್ರಿಕೆಯ ಹಾಗೆ ಕಂಡಿತು, ಇನ್ನೊಂದರಲ್ಲಿ ಹೊಡೆದೆ. ಒಂದರಲ್ಲಿ ಬಿ.ಎ. ದೊಡ್ಡದಾಗಿ, ಹೆಸರು ಸಣ್ಣದಾಗಿ ಬಂತು. ಅದೇ ಹೆಚ್ಚು ಇಷ್ಟವಾಯಿತು. ಹೀಗೆ ಹನ್ನೊಂದು ಬಗೆಯಲ್ಲಿ ಹೊಡೆದು ನೋಡುವಷ್ಟರಲ್ಲಿ ಕಚೇರಿ ಮುಚ್ಚುವ ಸಮಯವಾಗಿ, ಸಾವಂತ್ “ಚಲ್ ಅಣ್ಣಾ, ಗಾಡಿ ಹೋಗುತ್ತೆ” ಎಂದು ಎಬ್ಬಿಸಿಕೊಂಡು ಹೋದ.

ಮರುದಿನ ಸಮಿತಿ ಬಂತು. ಸಭಾಂಗಣದ ಗೋಡೆಯ ಮೇಲೆ ನನ್ನ ಕಂಪ್ಯೂಟರಿನ ಪರದೆ ಆಳೆತ್ತರಕ್ಕೆ ಬೆಳಗುತ್ತಿತ್ತು. ಕೆಳಗೆ ಸಾಲಾಗಿ ಅಮ್ಮನ ಐದು ಕೋಣೆಗಳು. ನಾನು ಇಸ್ತ್ರಿ ಹಾಕಿದ ಅಂಗಿಯಲ್ಲಿ, ಅರ್ಚಕನ ಗತ್ತಿನಲ್ಲಿ ದೇವರ ಕೋಣೆ ತೆರೆದೆ. ಗಣಪತಿ ಕಂಡ, ಪಕ್ಕದಲ್ಲಿ ಪಟ್ಟಿ ಕಂಡಿತು. ಸಮಿತಿಯ ಅಧ್ಯಕ್ಷರು ಪುಣೆ ಕಡೆಯ ನಿವೃತ್ತ ಪ್ರಾಧ್ಯಾಪಕರು, ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಜೋರಾಗಿ ಓದುತ್ತ ಬಂದರು. ಒಬ್ಬ ಅಧ್ಯಾಪಕರ ಡಾಕ್ಟರೇಟ್ ಇರಲಿಲ್ಲ. ಪಾಟೀಲ ಮೇಡಂ ನನ್ನ ಕಡೆ ನೋಡಿದರು. ಇನ್ನೊಬ್ಬರದೂ ಇರಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ನನ್ನ ಸಾಲಿಗೆ ಬಂದು, “ವಾಸುದೇವ, ಸೀನಿಯರ್ ಕ್ಲರ್ಕ್, ಹನ್ನೆರಡನೇ ತರಗತಿ” ಎಂದು ಓದಿ, ಮುಂದಿನ ಸಾಲಿಗೆ ಹೋಗಲು ಪೆನ್ಸಿಲ್ ಎತ್ತಿದರು.

ಆ ಪೆನ್ಸಿಲ್ ಮುಂದೆ ಹೋಗಿದ್ದರೆ ನನ್ನ ಬಿ.ಎ. ಮತ್ತೆ ಎಷ್ಟು ವರ್ಷ ಹಿಂದೆ ಬೀಳುತ್ತಿತ್ತೋ ಗೊತ್ತಿಲ್ಲ. “ಸರ್!” ಎಂದೆ. ದನಿ ನಾನೆಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. “ಇದು ದೇವರ ಕೋಣೆಯದ್ದು ಸರ್. ಸರಿಯಾದ್ದು ಅಡುಗೆ ಕೋಣೆಯಲ್ಲಿದೆ.” ಹೇಳಿದ್ದು ಹಿಂದಿಯಲ್ಲಿ. ಹಿಂದಿಯಲ್ಲಿ ಅದು ಇನ್ನೂ ವಿಚಿತ್ರವಾಗಿ ಕೇಳಿಸುತ್ತದೆ. ಸಮಿತಿಯ ಮೂವರೂ ಪಾಟೀಲ ಮೇಡಂ ಕಡೆ ತಿರುಗಿದರು. ಅವರು ಹಣೆಗೆ ಕೈಯಿಟ್ಟುಕೊಂಡು, “ತೋರಸ್ರೀ ವಾಸುದೇವ, ಅಡಗಿ ಮನೀನ ತೋರಸ್ರಿ” ಎಂದರು. ಹೊರಗಿನವರನ್ನು ಅಡುಗೆ ಕೋಣೆಗೆ ಬಿಟ್ಟುಕೊಂಡ ಮನೆತನ ನಮ್ಮದಲ್ಲ. ಆದರೂ ಬಾಣದ ಗುರುತಿನ ಕೀಲಿ ಒತ್ತಿದೆ. ಚಾವಡಿ ಬಂತು, ಎಲ್ಲ ಅಚ್ಚುಕಟ್ಟು. ಇನ್ನೊಮ್ಮೆ ಒತ್ತಿದೆ.

ಗೋಡೆಯ ತುಂಬ ನಾನೇ ಇದ್ದೆ. ವಾಸುದೇವ, ಬಿ.ಎ., ಆಫೀಸ್ ಸೂಪರಿಂಟೆಂಡೆಂಟ್. ಹನ್ನೊಂದು ಬಗೆಯ ಅಕ್ಷರಗಳಲ್ಲಿ, ಒಂದರ ಕೆಳಗೊಂದು. ಕೊನೆಯದರಲ್ಲಂತೂ ಬಿ.ಎ. ಎಂಬುದು ಅಧ್ಯಕ್ಷರ ತಲೆಗಿಂತ ದೊಡ್ಡದಿತ್ತು. ಸಭಾಂಗಣದ ಹಿಂದಿನಿಂದ ಸಾವಂತ್, ಪಿಸುಮಾತೆಂದುಕೊಂಡು ಎಲ್ಲರಿಗೂ ಕೇಳುವಂತೆ, “ಅಣ್ಣಾ, ಲಗ್ನಪತ್ರಿಕೆಯಂಥದ್ದೇ ಚೆನ್ನಾಗಿದೆ” ಎಂದ. ಮೊದಲು ನಕ್ಕವರು ಅಧ್ಯಕ್ಷರೇ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, “ಕಾಲೇಜಿನ ದಾಖಲೆ ಹಿಂದೆ ಬಿದ್ದಿದೆ, ನಿಮ್ಮ ಫಲಕ ಮುಂದೆ ಓಡಿದೆ. ಇವೆರಡರ ನಡುವೆ ಪಟ್ಟಿ ಎಲ್ಲಿದೆ?” ಎಂದು ಕೇಳಿದರು. ಫಲಕದ ಹಾಳೆ ಮುಚ್ಚಿದೆ. ಅದರ ಹಿಂದೆ ಪಟ್ಟಿ ತಣ್ಣಗೆ ಕೂತಿತ್ತು. ಡಾಕ್ಟರೇಟುಗಳೆಲ್ಲ ಅವರವರ ಜಾಗದಲ್ಲಿದ್ದವು. ನನ್ನ ಸಾಲಿನಲ್ಲಿ ಬಿ.ಎ. ಇತ್ತು.

“ನೀವೇ ಬರೆದ ಪಟ್ಟಿ, ನಿಮ್ಮದೇ ಬಿ.ಎ. ಇದಕ್ಕೆ ಆಧಾರ?” ಎಂದರು ಅಧ್ಯಕ್ಷರು. ಪ್ರಶ್ನೆ ನ್ಯಾಯವಾದದ್ದೇ. ಫಲಕ ನೋಡಿದವರು ಯಾರಾದರೂ ಹಾಗೆಯೇ ಕೇಳುತ್ತಿದ್ದರು. ನಾನು ಬಗ್ಗಿ ಮೇಜಿನ ಕೆಳಗಿದ್ದ ಚೀಲ ತೆಗೆದು, ಊಟದ ಡಬ್ಬಿ ಸರಿಸಿ, ರೈಲ್ವೆ ಪಾಸು ಸರಿಸಿ, ಪ್ಲಾಸ್ಟಿಕ್ ಹೊದಿಕೆಯಿಂದ ಮೊಹರು ಹಾಕಿದ ಪ್ರತಿಯೊಂದನ್ನು ಅವರ ಮುಂದಿಟ್ಟೆ. ಅವರು ತಿರುಗಿಸಿ ನೋಡಿ, “ದಿನಾ ತರ್ತೀರಾ ಇದನ್ನ?” ಎಂದರು. “ಹೌದು ಸರ್.” “ಯಾಕೆ?” ಈ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. “ಮನೆಯಲ್ಲಿ ಇಟ್ಟರೆ ಯಾರಿಗೂ ಕಾಣಿಸೋದಿಲ್ಲ ಸರ್” ಎಂದೆ. ಅವರು ಪೆನ್ಸಿಲ್ ಕೆಳಗಿಟ್ಟು, ಜೇಬಿನಿಂದ ಪೆನ್ನು ತೆಗೆದು ನನ್ನ ಸಾಲಿನ ಮುಂದೆ ಗುರುತು ಹಾಕಿಕೊಂಡರು. ಪ್ರತಿಯನ್ನು ಫೈಲಿಗೆ ಸೇರಿಸಲೇ ಎಂದು ಕೇಳಿದಾಗ, ಸಾವಂತ್ ನನಗಿಂತ ಮೊದಲೇ, “ಇಟ್ಟುಕೊಳ್ಳಿ ಸರ್, ಅವನ ಹತ್ತಿರ ಇನ್ನೂ ಇರುತ್ತೆ” ಎಂದ.

ಒಂದು ತಿಂಗಳಲ್ಲಿ ಆರ್ಡರ್ ಬಂತು. ಆ ಸಂಜೆ, ಚಾಳು ಬಿಟ್ಟ ಮೇಲೆ ನಾವು ಸೇರಿದ್ದ ಕಾಮೋಠೆಯ ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟೆ. ಅಪ್ಪ ಆಗಲೇ ತೀರಿಕೊಂಡಿದ್ದರು. ಅಮ್ಮನಿಗೆ ಓದಲು ಬಾರದು. ಕಾಗದದ ಮೇಲೆ ಬೆರಳಾಡಿಸಿ, “ನಿನ್ನ ಹೆಸರು ಎಲ್ಲುಂಟು?” ಎಂದು ಕೇಳಿ, ಅಲ್ಲಿ ಬೆರಳಿಟ್ಟುಕೊಂಡೇ ಕೂತಳು. ಆಗ ದೇವರ ಕೋಣೆಯ ಪ್ರಸಂಗವನ್ನೂ ಹೇಳಿದೆ. ಅವಳ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದು, ಮಡಿ ಕೆಡದಿರಲೆಂದು ಎರಡೆರಡು ಪ್ರತಿ ಇಟ್ಟದ್ದು, ಕೊನೆಗೆ ಅದರಿಂದಲೇ ಮುಗ್ಗರಿಸಿದ್ದು. ಹೊಗಳುತ್ತಾಳೆಂದು ಕಾದೆ. ಅವಳು ನನ್ನನ್ನೇ ನೋಡಿ, “ಅಲ್ಲ ಮಗಾ, ನಮ್ಮ ಮನೆಯಲ್ಲಿ ಚೊಂಬು ಎಷ್ಟಿತ್ತು?” ಎಂದು ಕೇಳಿದಳು.

ಯೋಚಿಸಿದೆ. ಒಂದೇ. ಹಿತ್ತಾಳೆಯದು, ಕಂಠದ ಬಳಿ ಸ್ವಲ್ಪ ನೆಗ್ಗಿದ್ದು.

“ಅದೇ ಚೊಂಬಲ್ವಾ ಅಡುಗೆಗೆ, ಅದೇ ಅಲ್ವಾ ದೇವರಿಗೆ, ಬಂದವರಿಗೆ ಕಾಲಿಗೆ ನೀರು ಕೊಟ್ಟದ್ದೂ ಅದರಲ್ಲೇ. ತೊಳೆದು ತಗೊಂಡು ಹೋಗುವುದು. ಕೋಣೆ ಐದು ಮಾಡಿದೆ ಅಂತ ಚೊಂಬು ಐದು ಇಡ್ಲಿಕ್ಕೆ ನಂಗೆ ಜಾಗ ಎಲ್ಲಿತ್ತು? ಇಷ್ಟು ಓದಿ ಅದು ಗೊತ್ತಾಗ್ಲಿಲ್ವಾ ನಿಂಗೆ?”

ಪಲ್ಲವಿ ಮೇಡಂ ತಿಂಗಳುಗಟ್ಟಲೆ ಹೇಳಿದ್ದನ್ನು ಅಮ್ಮ ಒಂದು ಚೊಂಬಿನಲ್ಲಿ ಮುಗಿಸಿದಳು. ಕೋಣೆಗಳ ಹೆಸರೆಲ್ಲ ನೆನಪಿಟ್ಟುಕೊಂಡಿದ್ದ ನಾನು ಚೊಂಬನ್ನೇ ಮರೆತಿದ್ದೆ. ಕ್ಯಾಬಿನ್ನಿಗೆ ಹೋದ ಮೊದಲ ದಿನವೇ ನಿಯಮ ಮಾಡಿದೆ: ಕೋಣೆ ಎಷ್ಟಾದರೂ ಇರಲಿ, ಒಂದು ಕಡತಕ್ಕೆ ಒಂದೇ ಪ್ರತಿ. ಅಡುಗೆ ಕೋಣೆಯಲ್ಲಿ ಬೆಂದದ್ದನ್ನೇ ದೇವರ ಕೋಣೆಗೆ ಎಳೆಯುವುದು. ಮೊದಮೊದಲು ಎಳೆಯುವ ಮುಂಚೆ ಎದ್ದುಹೋಗಿ ಕೈ ತೊಳೆದು ಬರುತ್ತಿದ್ದೆ, ಈಗ ಅಭ್ಯಾಸವಾಗಿದೆ. ಹೊಸದಾಗಿ ಸೇರಿದವರನ್ನೆಲ್ಲ ಕ್ಯಾಬಿನ್ನಿನಲ್ಲಿ ಕೂರಿಸಿ ಚೊಂಬಿನ ಪಾಠ ಹೇಳುತ್ತೇನೆ. ನನ್ನ ಬೆನ್ನ ಹಿಂದೆ ಅದಕ್ಕೆ ‘ಲೋಟಾ ಲೆಕ್ಚರ್’ ಎಂದು ಸಾವಂತ್ ಹೆಸರಿಟ್ಟಿದ್ದಾನೆ, ಅವರಲ್ಲಿ ಚೊಂಬಿಗೆ ಲೋಟಾ ಅನ್ನುತ್ತಾರೆ. ಅವನೂ ಹೆಸರಿಡುವುದನ್ನು ಕಲಿತನಲ್ಲ ಎಂದು ಸುಮ್ಮನಿದ್ದೇನೆ. ಬಾಗಿಲ ಫಲಕ ಲಗ್ನಪತ್ರಿಕೆಯ ಅಕ್ಷರದಲ್ಲೇ ಇದೆ.

ಒಮ್ಮೆ ಪಾಠ ಮುಗಿದ ಮೇಲೆ ಆ ಸಾವಂತನೇ ಎಲ್ಲರೆದುರು ಕೇಳಿಬಿಟ್ಟ: “ಅಣ್ಣಾ, ನಿನ್ನ ಬಿ.ಎ. ಎಷ್ಟು ಪ್ರತಿ ಇದೆ?” ನಾನು ಮನಸ್ಸಿನಲ್ಲೇ ಎಣಿಸಿದೆ. ಚೀಲದಲ್ಲಿ ಮೂರು, ಕ್ಯಾಬಿನ್ನಿನ ಡ್ರಾಯರಿನಲ್ಲಿ ಎರಡು, ಮನೆಯ ಕಪಾಟಿನಲ್ಲಿ ನಾಲ್ಕು, ಸ್ಕ್ಯಾನ್ ಮಾಡಿದ್ದು ಕಂಪ್ಯೂಟರಿನ ಐದೂ ಕೋಣೆಗಳಲ್ಲಿ ಒಂದೊಂದು, ಹಿತ್ತಿಲಿನಲ್ಲೂ. ನಿಯಮ ಮಾಡಿದವನು ಪಾಲಿಸಬೇಕಲ್ಲ. ಆ ಸಂಜೆ ಮನೆಗೆ ಹೋಗಿ ಒಂದೊಂದಾಗಿ ತೆಗೆಯತೊಡಗಿದೆ. ಕಪಾಟಿನದಾಯಿತು. ಅಮ್ಮನ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಕೆಳಗೆ ನಾಲ್ಕಾಗಿ ಮಡಿಸಿದ ಒಂದು ಕಾಗದ ಕಂಡಿತು. ಬಿಡಿಸಿ ನೋಡಿದರೆ ನನ್ನದೇ ಬಿ.ಎ. ನನ್ನ ಲೆಕ್ಕದಲ್ಲಿ ಇಲ್ಲದ ಪ್ರತಿ. ಯಾವಾಗ ತೆಗೆದಿಟ್ಟುಕೊಂಡಿದ್ದಳೋ.

“ಅದನ್ನು ಎಂತಕ್ಕೆ ಮುಟ್ಟಿದ್ದು? ಅಲ್ಲೇ ಇಡು!” ಎಂದು ಹಿಂದಿನಿಂದ ದನಿ ಬಂತು.

“ನೀನೇ ಅಲ್ವಾ ಅಮ್ಮ ಹೇಳಿದ್ದು, ಎಲ್ಲದಕ್ಕೂ ಒಂದೇ ಚೊಂಬು ಅಂತ?”

“ಅದು ಚೊಂಬಲ್ಲ” ಎಂದಳು ಅಮ್ಮ.

ನಾನು ಕೈಕಾಲು ತೊಳೆದುಕೊಂಡು ಬಂದು ಅದನ್ನು ಮೊದಲಿದ್ದ ಹಾಗೆಯೇ ಮಡಿಸಿ ಬಟ್ಟಲಿನ ಕೆಳಗಿಟ್ಟೆ. ಕಪಾಟಿನಿಂದ ತೆಗೆದ ನಾಲ್ಕನ್ನೂ ವಾಪಸ್ ಇಟ್ಟೆ. ಮಾರನೆಯ ದಿನ ಬೆಳಿಗ್ಗೆ ಗಾಡಿ ಹಿಡಿಯುವ ಮೊದಲು ಸ್ಟೇಷನ್ ಎದುರಿನ ಝೆರಾಕ್ಸ್ ಅಂಗಡಿಗೆ ಹೋದೆ. ಚೀಲದಲ್ಲಿ ಮೂರೇ ಉಳಿದಿದ್ದವು.